ರುಚಿ ನೋಡದ ಅಡುಗೆ

ಬಾಯಲ್ಲಿ ಹುಣ್ಣಾಯಿತೆಂದರೆ ನಮ್ಮ ಕಡೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಹೋಗುವ ಪ್ರಸಂಗವೇ ಬರುವುದಿಲ್ಲ, ಊರಿಗೆ ಊರೇ ಡಾಕ್ಟರು. ಒಬ್ಬರು "ಉಷ್ಣ ಆಗೈತಿ" ಅಂದರೆ ಮುಗಿಯಿತು. ನೆತ್ತಿಗೆ ಹರಳೆಣ್ಣೆ ಇಡುವವರು ಒಬ್ಬರು, ಪಟಕದ ನೀರು ಮುಕ್ಕಳಿಸು ಎನ್ನುವವರು ಇನ್ನೊಬ್ಬರು, ಪೇರಲ ಎಲೆ ಅಗಿ ಎನ್ನುವವರು ಮತ್ತೊಬ್ಬರು. ಹುಣ್ಣು ತನ್ನ ಪಾಡಿಗೆ ತಾನು ಮಾಯುತ್ತದೆ, ಹೆಸರು ಹರಳೆಣ್ಣೆಗೆ ಬರುತ್ತದೆ. ಬಹಳಷ್ಟು ಸಲ ಇಷ್ಟೇ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಈ "ಉಷ್ಣ" ಎಂಬ ಮಾತು ಕಿವಿಗೆ ಬಿದ್ದರೆ ಸೌಟು ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ ಒಬ್ಬ ಹೆಣ್ಣುಮಗಳನ್ನು ನಾನು ಬಲ್ಲೆ. ಕೊಟ್ಟೂರಿನಲ್ಲಿ ಖಾನಾವಳಿ ನಡೆಸುತ್ತಿದ್ದರು. ಹೋದ ವಾರ ತೀರಿಕೊಂಡರೆಂದು ಅವರ ಪಕ್ಕದ ಗಿರಣಿ ಮನೆಯ ಸೊಸೆ ಫೋನು ಮಾಡಿ ಹೇಳಿದಳು. ಹೋಗಿ ಮಣ್ಣು ಕೊಟ್ಟು ಬಂದೆ. ಬಂದಾಗಿನಿಂದ ಅವರ ದನಿ ಕಿವಿಯಲ್ಲೇ ಇದೆ. ಹೆಸರು ಬರೆಯುವುದಿಲ್ಲ. ಊರಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹಿರಿಯರಿಗೂ ಕಿರಿಯರಿಗೂ ಅವರು ಅಕ್ಕಾರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿಗಟೇರಿಯಿಂದ ಹೊರಟು, ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರನಾಗಿ ಕೊಟ್ಟೂರಿಗೆ ಬಂದಿದ್ದೆ. ಮದುವೆ ಆಗಿರಲಿಲ್ಲ, ಸ್ಟೋವ್ ಹಚ್ಚುವುದೂ ಬರುತ್ತಿರಲಿಲ್ಲ. ಯಾರೋ ಅಕ್ಕಾರ ಖಾನಾವಳಿ ತೋರಿಸಿದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಪ್ರಶ್ನೆ ಬಂತು.

"ಯಾವ ಆಫೀಸಿನೋರು?"

"ದನದ ಆಸ್ಪತ್ರಿರಿ."

"ಹೌದಾ? ಹಂಗಾದ್ರ ಕೈ ಎಲ್ಲೆಲ್ಲಿ ಇಟ್ಟು ಬಂದೀರೋ ಏನೋ. ಸಬಕಾರ ಅಲ್ಲೈತಿ ನೋಡ್ರಿ, ಮೊಣಕೈ ಮಟ ತೊಳಕಂಡು ಬರ್ರಿ."

ತೊಳೆದುಕೊಂಡು ಬಂದೆ. ಅವರು ಬಂದು ನನ್ನ ಕೈ ತಿರುಗಿಸಿ ನೋಡಿ, ಆಮೇಲೆ ತಟ್ಟೆ ಇಟ್ಟರು. ಸರಕಾರಿ ನೌಕರಿ ಸಿಕ್ಕ ಜಂಬ ಅಷ್ಟು ಹೊತ್ತಿಗೆ ನೀರಿನ ಜೊತೆ ಹೋಗಿತ್ತು.

ಎತ್ತರದ ಆಳು, ದೊಡ್ಡ ದನಿ. ತಂಬ್ರಹಳ್ಳಿಯಿಂದ ಸೊಸೆಯಾಗಿ ಬಂದವರು. ಗಂಡ ಬೇಗ ತೀರಿಕೊಂಡಾಗ ತವರಿಗೆ ವಾಪಸು ಹೋಗೆಂದವರಿಗೆ, "ಅಲ್ಲಿ ಹೋಗಿ ಒಬ್ಬರ ಮನಿಗೆ ರೊಟ್ಟಿ ಬಡಿಯೋದ್ಕಿಂತ ಇಲ್ಲಿ ಕುಂತು ಊರಿಗೆ ಬಡೀತೀನಿ" ಎಂದು ಹೇಳಿ, ಗಂಡನ ಮನೆಯ ಪಡಸಾಲೆಯಲ್ಲೇ ಖಾನಾವಳಿ ತೆರೆದಿದ್ದರು. ಹಣೆಯ ತುಂಬ ವಿಭೂತಿ, ಹುಬ್ಬಿನವರೆಗೆ ಎಳೆದ ಸೆರಗು. ಬಿಸಿಲಿಗೆ ಕಾಲಿಡುತ್ತಿರಲಿಲ್ಲ. ಕಾಯಿಪಲ್ಲೆ ತರಲು ಹೊರಟರೆ ಬೆಳಿಗ್ಗೆ ಎಳೆಬಿಸಿಲಿನಲ್ಲೂ ತಲೆಯ ಮೇಲೆ ಕರಿ ಕೊಡೆ ಇರುತ್ತಿತ್ತು. "ಅಕ್ಕಾರು ದೊರೆಸಾನಿ ಇದ್ದಂಗ" ಎಂದು ಗಂಜಿನ, ಅಂದರೆ ಕಾಳುಕಡಿಯ ಮಾರುಕಟ್ಟೆಯ, ಹಮಾಲರು ಚೇಷ್ಟೆ ಮಾಡುತ್ತಿದ್ದರು. ಮೂಗಿನ ಎರಡೂ ಬದಿಗೆ ಕೆನ್ನೆಗಳು ಕೆಂಪಗೆ ಇರುತ್ತಿದ್ದವು. ಮೂರು ಒಲೆಯ ಮುಂದೆ ನಿಲ್ಲುವವರ ಕೆನ್ನೆ ಕೆಂಪಾಗಿರದೆ ಇನ್ನೇನು ಎಂದು ನಾವು ಯಾರೂ ಅದರ ಬಗ್ಗೆ ಯೋಚಿಸಲಿಲ್ಲ. ಪಕ್ಕದಲ್ಲಿ ಯಾವಾಗಲೂ ಒಂದು ತಂಬಿಗೆ ನೀರು ಇರುತ್ತಿತ್ತು. ಎರಡು ಮಾತಾಡಿದರೆ ಒಂದು ಗುಟುಕು ಕುಡಿಯುತ್ತಿದ್ದರು, ಬೈಯುವಾಗ ಮಾತ್ರ ಕುಡಿಯುವುದನ್ನು ಮರೆಯುತ್ತಿದ್ದರು.

ಅಡುಗೆಯ ಬಗ್ಗೆ ಬರೆದರೆ ಈ ಬರಹ ಮುಗಿಯುವುದಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಜೊತೆಗೆ ಒಂದು ಕೆಂಪು ಖಾರ. ಆ ಖಾರಕ್ಕೆ ಹೆದರಿ ಊಟ ಬಿಟ್ಟವರಿಲ್ಲ, ಅದನ್ನು ಉಂಡು ಕಣ್ಣೀರು ಹಾಕದವರೂ ಇಲ್ಲ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯಿಂದ ಗಂಜಿಗೆ ಶೇಂಗಾ ತಂದವರು ವ್ಯಾಪಾರ ಬೇಗ ಮುಗಿದರೂ ಊಟದ ಹೊತ್ತಿನವರೆಗೆ ಅಲ್ಲೇ ಸುಳಿದಾಡುತ್ತಿದ್ದರು.

ಆದರೆ ಆ ಖಾನಾವಳಿ ಹೆಸರಾದದ್ದು ರುಚಿಗಷ್ಟೇ ಅಲ್ಲ. ನಮ್ಮ ಕಡೆ ದೇವರಿಗೆ ಎಡೆ ಹಿಡಿಯುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ಹಬ್ಬಹರಿದಿನಗಳಲ್ಲಿ ಮನೆಮನೆಯಲ್ಲಿ ಇದನ್ನು ಪಾಲಿಸುತ್ತಾರೆ, ದಿನವೂ ಖಾನಾವಳಿಯಲ್ಲಿ ಯಾರು ಪಾಲಿಸುತ್ತಾರೆ? ಅಕ್ಕಾರು ಪಾಲಿಸುತ್ತಿದ್ದರು. ಎಡೆ ಹಿಡಿಯುವ ಮೊದಲೂ ರುಚಿ ನೋಡುತ್ತಿರಲಿಲ್ಲ, ಆಮೇಲೂ ನೋಡುತ್ತಿರಲಿಲ್ಲ. ಕೊನೆಯ ಗಿರಾಕಿ ಎದ್ದು ಹೋಗುವವರೆಗೆ ನಾಲಿಗೆಗೆ ಒಂದು ಹನಿ ಸಾರು ಮುಟ್ಟಿಸಿದ್ದನ್ನು ಯಾರೂ ಕಂಡಿಲ್ಲ. ಗಂಜಿನ ಸಾಹುಕಾರರು ಇದನ್ನು ಗಮನಿಸಿದರು. "ಉಣ್ಣೋರೆಲ್ಲ ಶಿವ ಅಂತ ತಿಳಕಂಡಾರ ನೋಡ್ರಿ ಅಕ್ಕಾರು. ಅದು ಅಡಗಿ ಅಲ್ಲ, ಪ್ರಸಾದ" ಎಂದು ಹಬ್ಬಿಸಿದರು. ಮಾತು ಹಡಗಲಿಯ ತನಕ ಹೋಯಿತು. ಗೃಹಪ್ರವೇಶ, ಅಯ್ಯಾಚಾರದ ದೀಕ್ಷೆ, ಮದುವೆ, ಯಾವುದಿದ್ದರೂ ನೇಮನಿಷ್ಠೆಯ ಮನೆತನಗಳು ಅಕ್ಕಾರನ್ನೇ ಕರೆಸತೊಡಗಿದವು. ಎದುರಿಗೇ ಹೊಗಳಿದರೆ ಅವರು ಹೌದು ಅನ್ನುತ್ತಿರಲಿಲ್ಲ, ಇಲ್ಲ ಎಂದೂ ಅನ್ನುತ್ತಿರಲಿಲ್ಲ. ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿಯುತ್ತಿದ್ದರು.

ನನಗೂ ಅಲ್ಲಿ ಒಂದು ಮರ್ಯಾದೆ ಇತ್ತು. ದಿನಾಲೂ ಮೊದಲ ತಟ್ಟೆ ನನಗೇ. ಸಾಹುಕಾರರು ಬಂದು ಕೂತಿದ್ದರೂ, "ಮೊದಲು ಇನ್ಸ್‌ಪೆಕ್ಟ್ರಿಗೆ" ಎಂದು ಬಡಿಸಿ, ನಾನು ಮೊದಲ ತುತ್ತು ಇಡುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಊರಲ್ಲಿ ನನಗೆ ಇಷ್ಟು ಗೌರವ ಇದೆಯಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದ ಹೊಸತು. ಒಂದು ಮಧ್ಯಾಹ್ನ ಊಟಕ್ಕೆ ಹೋದರೆ ಖಾನಾವಳಿಯ ಬಾಗಿಲು ಹಾಕಿತ್ತು. ನಾನು ಬಂದಾಗಿನಿಂದ ಹಾಗೆ ಎಂದೂ ಆಗಿರಲಿಲ್ಲ. ಹಿತ್ತಲಿನಿಂದ ಹೋಗಿ ನೋಡಿದರೆ ಅಕ್ಕಾರು ಕಟ್ಟೆಯ ಮೇಲೆ ಕುಳಿತಿದ್ದರು. ಬಾಯಿಗೆ ಒತ್ತಿಕೊಂಡ ಬಟ್ಟೆ ರಕ್ತದಲ್ಲಿ ನೆನೆದಿತ್ತು, ಪಕ್ಕದಲ್ಲಿ ಅಂಥವೇ ಇನ್ನಷ್ಟು ಬಟ್ಟೆಗಳು. ಹಿಂದಿನ ದಿನ ಸಂತೆಯಲ್ಲಿ ಕೊಡೆಯ ಕೆಳಗೆ ಇಕ್ಕಳ ಇಟ್ಟುಕೊಂಡು ಕೂರುವ ಹಲ್ಲಿನವನ ಹತ್ತಿರ ದವಡೆ ಹಲ್ಲು ಕೀಳಿಸಿಕೊಂಡಿದ್ದರು. ಅಂದಿನಿಂದ ರಕ್ತ ನಿಂತಿರಲಿಲ್ಲ. ಊರಲ್ಲಿ ಓದಿದ ಹಲ್ಲಿನ ಡಾಕ್ಟರು ಇದ್ದರೂ ಇವನ ಹತ್ತಿರ ಯಾಕೆ ಹೋದರೆಂದು ನನಗೆ ತಿಳಿಯಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಒಂದು ಜೀಪು ಗೊತ್ತು ಮಾಡಿ ಹರಪನಹಳ್ಳಿ ಮೇಲಿಂದ ದಾವಣಗೆರೆಗೆ ಕರೆದುಕೊಂಡು ಹೋದೆ.

ದೊಡ್ಡ ಆಸ್ಪತ್ರೆಯ ಡಾಕ್ಟರು ಅವರನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಏನಮ್ಮಾ, ಹೇಳದೇ ಕೇಳದೇ ಹಲ್ಲು ಕೀಳಿಸ್ಕೊಂಡ್ರಾ? ಎಷ್ಟು ಸಲ ಹೇಳಿದ್ದೆ ನಿಮಗೆ!" ಎಂದು ಗದರಿದರು. ಊರಿಗೆಲ್ಲ ಗದರುವ ಅಕ್ಕಾರು ತಲೆ ತಗ್ಗಿಸಿ ಕುಳಿತಿದ್ದರು. ನನಗೆ ಅದನ್ನು ನೋಡಿದ್ದೇ ದೊಡ್ಡ ಆಶ್ಚರ್ಯ.

ಅಲ್ಲಿ ಗೊತ್ತಾಯಿತು, ಅವರಿಗೆ ಹಲವು ವರ್ಷಗಳಿಂದ ಲೂಪಸ್ ಎಂಬ ಕಾಯಿಲೆ ಇತ್ತು. ರೋಗದಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಸ್ವಂತ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ. ಕೀಲು ನೋಯುತ್ತದೆ, ಬಿಸಿಲು ತಾಗಿದರೆ ಉಲ್ಬಣಿಸುತ್ತದೆ, ಕೆನ್ನೆ ಕೆಂಪಾಗುತ್ತದೆ. ಕೆಲವರಿಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿ, ಹಲ್ಲು ಕಿತ್ತ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಅಲ್ಲಿನ ಹಲ್ಲಿನ ಡಾಕ್ಟರಮ್ಮ ಟಾರ್ಚು ಬಿಟ್ಟು ಅಕ್ಕಾರ ಬಾಯಿ ಪರೀಕ್ಷಿಸುವಾಗ, ನಾನೂ ಬಾಯಿ ನೋಡುವ ವೃತ್ತಿಯವನೇ ಎಂದು ಹೇಳಿದೆ. ಅವರಿಗೆ ನಗು ಬಂತು, ನನಗೂ ತೋರಿಸಿದರು. ಮೇಲಂಗುಳದಲ್ಲಿ ಕೆಂಪು ಹುಣ್ಣು, ಸುತ್ತ ಬಿಳಿಯ ಅಂಚು. "ಇಂಥ ಹುಣ್ಣು ಕೆಲವು ಸಲ ನೋಯೋದೇ ಇಲ್ಲ, ಹಾಗಾಗಿ ಇದ್ದದ್ದು ಗೊತ್ತಾಗೋದಿಲ್ಲ. ತುಟಿ, ಕೆನ್ನೆಯ ಒಳಗೆ ಆದರೆ ಉರಿಯುತ್ತೆ" ಎಂದರು. ಇವರಿಗೆ ಎರಡೂ ಇದ್ದವು. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತಿತ್ತು, ಅದರಿಂದ ಹಲ್ಲುಗಳು ಒಸಡಿನ ಹತ್ತಿರ ಕೊರೆದುಕೊಂಡು ಹೋಗಿದ್ದವು. ಮಾತ್ರೆಗಳ ದೆಸೆಯಿಂದ ನಾಲಿಗೆಯ ಮೇಲೆ ಮೊಸರು ಮೆತ್ತಿದಂಥ ಬಿಳಿ ಬೂಷ್ಟು ಬೇರೆ.

"ಇದು ಅಂಟೋ ಕಾಯಿಲೆ ಅಲ್ಲ" ಎಂದು ಡಾಕ್ಟರಮ್ಮ ನನಗೆ ಎರಡು ಸಲ ಹೇಳಿದರು. ನಾನು ಅವರ ತಮ್ಮನೋ ಏನೋ ಎಂದುಕೊಂಡಿರಬೇಕು.

ರಕ್ತ ನಿಂತು, ಮಾತಾಡುವಂತಾದ ಮೇಲೆ ಅಕ್ಕಾರು ನನ್ನನ್ನು ಮಂಚದ ಹತ್ತಿರ ಕರೆದರು.

"ಇನ್ಸ್‌ಪೆಕ್ಟ್ರೇ, ದನದ ಬಾಯಿ ನೋಡೋದಷ್ಟ ನಿಮ್ಮ ಕೆಲಸ. ನನ್ನ ಬಾಯಾಗ ಏನು ನೋಡೀರೋ, ಅದನ್ನ ಇಲ್ಲೇ ಬಿಟ್ಟು ಬರ್ರಿ."

"ಅಂಟೋದಲ್ಲ ಅಂದ್ರಲ್ರಿ ಅಕ್ಕಾರ, ಹೇಳಿದ್ರ ಏನಾಕ್ಕೈತಿ?"

"ಅಂಟೋದಲ್ಲ ಅಂತ ನಿಮಗ ಗೊತ್ತು, ನಂಗ ಗೊತ್ತು. ರೊಟ್ಟಿ ಉಣ್ಣೋರಿಗೆ ಹೆಂಗ ಗೊತ್ತಾಗಬೇಕು? ಬಾಯಿ ತುಂಬ ಹುಣ್ಣಿದ್ದಾಕಿ ಮಾಡಿದ್ದನ್ನ ಯಾರು ಉಣ್ತಾರ? ಕಾಲುಬಾಯಿ ಬ್ಯಾನಿ ಬಂದ ಎಮ್ಮಿ ಹಾಲು ನೀವು ಕುಡೀತೀರೇನು?"

ಊರಿನ ಡಾಕ್ಟರನ್ನು ಬಿಟ್ಟು ಸಂತೆಯವನ ಹತ್ತಿರ ಹೋಗಿದ್ದು ಯಾಕೆಂದು ಅಷ್ಟರಲ್ಲಿ ನನಗೂ ಹೊಳೆದಿತ್ತು. ಓದಿದ ಡಾಕ್ಟರಾದರೆ ಬಾಯೊಳಗೆ ಇಣುಕಿ ನೋಡಿ ಹತ್ತು ಪ್ರಶ್ನೆ ಕೇಳುತ್ತಾರೆ. ಸಂತೆಯವನು ಯಾವ ಹಲ್ಲು ಎಂದಷ್ಟೇ ಕೇಳುತ್ತಾನೆ.

"ಮತ್ತ ರುಚಿ ನೋಡದಿರೋದು? ಅದೂ ಇದಕ್ಕೇನಾ?"

"ಮತ್ತೆ? ಮೆಣಸಿನಕಾಯಿ ನಾಲಿಗಿಗೆ ತಾಗಿದ್ರ ಕೆಂಡ ಇಟ್ಟಂಗ ಆಕ್ಕೈತಿ. ಗುಳಿಗಿ ನುಂಗಿದ ದಿನ ಎಲ್ಲಾ ಒಂದ ರುಚಿ, ಕಬ್ಬಿಣ ನೆಕ್ಕಿದಂಗ. ಉಪ್ಪೂ ಅಷ್ಟ, ಬೆಲ್ಲನೂ ಅಷ್ಟ."

"ಹಂಗಾದ್ರ ಅಡಗಿ ಹೆಂಗ ಮಾಡ್ತೀರಿ?"

"ನೀವಿಲ್ಲೇನು? ನೀವು ಎರಡನೇ ತುತ್ತಿಗೆ ಮಜ್ಜಿಗಿ ಕೇಳಿದ್ರ ಖಾರ ಜಾಸ್ತಿ. ಮಾತಾಡಕಂತ ಉಂಡ್ರ ಉಪ್ಪು ಕಡಿಮಿ. ಮಾತಿಲ್ಲದ ಉಂಡು ರೊಟ್ಟಿ ಕೇಳಿದ್ರ ಎಲ್ಲಾ ಸರಿ ಐತಿ ಅಂತ. ನಿಮ್ಮ ಮುಖದಾಗ ಏನೂ ಮುಚ್ಚಿಡಾಕ ಬರಂಗಿಲ್ಲ, ಅದಕ್ಕ ಮೊದಲ ತಟ್ಟಿ ನಿಮಗ."

ನನ್ನ ಗೌರವದ ಕಥೆ ಅಲ್ಲಿಗೆ ಮುಗಿಯಿತು. ಸಿಟ್ಟು ಬರಬೇಕಿತ್ತು, ನಗು ಬಂತು. ಅಕ್ಕಾರೂ ಕೆನ್ನೆ ಹಿಡಿದುಕೊಂಡು ನಕ್ಕರು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ, ಉಳಿಸಿಕೊಂಡೆ.

ಆಮೇಲೆ ಅವರು ಬಾಯನ್ನು ನೋಡಿಕೊಂಡ ರೀತಿ ಇದೆಯಲ್ಲ, ಹೆತ್ತವರು ಮಗುವನ್ನು ಹಾಗೆ ನೋಡಿಕೊಂಡಾರು. ಎಳೆಯ ಮಕ್ಕಳ ಮೆತ್ತನೆಯ ಬ್ರಷ್ಷು. ಏನು ತಿಂದರೂ ಉಪ್ಪುನೀರಲ್ಲಿ ಮುಕ್ಕಳಿಸುವುದು. ಜೋಳದ ನುಚ್ಚು ಮಜ್ಜಿಗೆ ಅಥವಾ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ, ಅದೂ ಆರಿದ ಮೇಲೆ. ಹಲ್ಲು ನೋಯಲಿ ಬಿಡಲಿ, ದಾವಣಗೆರೆಯ ಡಾಕ್ಟರಮ್ಮನಿಗೆ ತಪ್ಪದೆ ಬಾಯಿ ತೋರಿಸಿಕೊಂಡು ಬರುತ್ತಿದ್ದರು. ಊರಲ್ಲಿ ಕೇಳಿದರೆ ತಂಗಿ ಮನೆಗೆ ಎನ್ನುತ್ತಿದ್ದರು. ಅವರು ದಿನಾಲೂ ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು, ಮಲೇರಿಯಾಕ್ಕೆ ಕೊಡುವ ಜಾತಿಯದು. ಔಷಧಿ ಅಂಗಡಿಯವನಿಗೆ ಅಷ್ಟೇ ಗೊತ್ತಿತ್ತು, "ಅಕ್ಕಾರ ಮಲೇರಿಯಾ ಇನ್ನೂ ಹೋಗಿಲ್ಲೇನ್ರಿ?" ಎಂದು ಪಾಪ ನನ್ನನ್ನು ಕೇಳುತ್ತಿದ್ದ. ಅದನ್ನು ಹೇಳಿದರೆ ಅಕ್ಕಾರು, "ಸೊಳ್ಳಿ ಕಡೀದ ಮಲೇರಿಯಾ ಗುಳಿಗಿ ನುಂಗೋಳು ಜಿಲ್ಲಾಕ್ಕ ನಾನೊಬ್ಬಾಕಿ" ಎನ್ನುತ್ತಿದ್ದರು.

ಈ ಕಾಯಿಲೆಯ ಬಗ್ಗೆ ಅವರು ಅಳುವುದನ್ನು ನಾನು ನೋಡಲಿಲ್ಲ. ಬೆಳಿಗ್ಗೆ ಬೆರಳು ಮಡಚಲು ಬಾರದ ದಿನ ಬಿಸಿನೀರಲ್ಲಿ ಕೈಯದ್ದಿಕೊಂಡು ಕೂತು ರೊಟ್ಟಿ ಬಡಿಯುವ ಹೆಂಗಸರಿಗೆ ಅಲ್ಲಿಂದಲೇ ಹುಕುಂ ಕೊಡುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಹೆದರಿಕೆ, ಊರಿಗೆ ಗೊತ್ತಾದರೆ ಒಲೆ ಆರುತ್ತದೆ ಎಂಬುದು.

ಹೊಸ ಶತಮಾನ ಕಾಲಿಟ್ಟಿತ್ತು. ನನಗೆ ಮದುವೆಯಾಗಿ, ಮನೆ ಮಾಡಿದ್ದರೂ ಮಧ್ಯಾಹ್ನದ ಊಟ ಖಾನಾವಳಿಯಲ್ಲೇ ಇತ್ತು. ಹೆಂಡತಿಯ ಅಭ್ಯಂತರವಿರಲಿಲ್ಲ, ಇದ್ದರೂ ಹೇಳಲಿಲ್ಲ. ಖಾನಾವಳಿಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಆ ಮನೆಯ ಯಜಮಾನಿ, ಎಲ್ಲರ ಬಾಯಲ್ಲೂ ಗಿರಣಿ ಅತ್ತಿ, ಊರಿನ ಉಷ್ಣದ ಡಾಕ್ಟರುಗಳಲ್ಲಿ ಎಲ್ಲರಿಗಿಂತ ದೊಡ್ಡವರು. ಅವರ ಮಗನಿಗೆ ಹೊಳೆ ದಂಡೆಯ ಹಲವಾಗಲಿನಿಂದ ಹೆಣ್ಣು ತಂದರು. ಬಂದ ವರ್ಷ ಹುಡುಗಿ ಚೆನ್ನಾಗಿದ್ದಳು. ಆಮೇಲೆ ಸೊರಗತೊಡಗಿದಳು. ಜ್ವರ ಬಂದು ಬಂದು ಹೋಗುತ್ತಿತ್ತು. ಬಾಯಲ್ಲಿ ಹುಣ್ಣು, ರೊಟ್ಟಿ ಮುರಿದು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ.

ಗಿರಣಿ ಅತ್ತಿ ಹರಳೆಣ್ಣೆ ಇಟ್ಟರು, ಪಟಕದ ನೀರು ಕೊಟ್ಟರು. ಹುಣ್ಣು ಮಾಯದಿದ್ದಾಗ ತಪ್ಪು ಹರಳೆಣ್ಣೆಯದಲ್ಲ, ಸೊಸೆಯದು ಎಂದು ತೀರ್ಮಾನಿಸಿದರು. ಅಕ್ಕಾರು ಹಿತ್ತಲ ಗೋಡೆಯ ಮೇಲಿಂದ ಕಂಡಾಗಲೆಲ್ಲ ಹೇಳುತ್ತಿದ್ದರು, "ಅತ್ತಿ, ಇದು ಉಷ್ಣ ಅಲ್ಲ. ಆ ಹುಡುಗಿ ಕೆನ್ನಿ ನೋಡ್ರಿ. ದಾವಣಗೆರಿಗೆ ಕರಕಂಡು ಹೋಗ್ರಿ."

"ಕೆನ್ನಿ ಕೆಂಪಗಿದ್ರ ರೋಗೇನು ಅಕ್ಕಾರ? ಹೊಳಿ ದಂಡಿ ಮಂದಿ, ಅನ್ನ ಉಂಡು ಬೆಳೆದಾಕಿ. ನಮ್ಮ ರೊಟ್ಟಿ ಖಾರ ಸೇರಂಗಿಲ್ಲ, ಅದಕ್ಕ ಈ ನಾಟಕ. ನೀವು ನೇಮದೋರು, ನಿಮ್ಮ ಬಾಯಿಗೆ ಯಾವ ದೋಷ ಬರಬೇಕು? ನಿಮಗೇನು ತಿಳೀತೈತಿ ಇದು?"

ಹೀಗೆ ಹೇಳಿದ ಮೇಲೆ ಅಕ್ಕಾರು ಗೋಡೆ ಬಿಟ್ಟು ಒಲೆಯ ಕಡೆ ತಿರುಗುತ್ತಿದ್ದರು. ತಂಬಿಗೆ ಎತ್ತುತ್ತಿದ್ದರು.

ಒಂದು ದಿನ ನಾನು ಆಸ್ಪತ್ರೆಯ ಅಂಗಳದಲ್ಲಿ ಎಮ್ಮೆಯೊಂದರ ಗೊರಸು ತೊಳೆಯುತ್ತಿದ್ದೆ. ಸುಡುವ ಬಿಸಿಲು. ತಲೆ ಎತ್ತಿದರೆ ಎದುರಿಗೆ ಅಕ್ಕಾರು, ಕೊಡೆಯಿಲ್ಲದೆ. ನನಗೆ ಗಾಬರಿಯಾಯಿತು.

"ನಾಳಿ ಸಂತಿ," ಎಂದರು. "ಹುಣ್ಣಿಗೆ ಹಲ್ಲ ಕಾರಣ ಅಂತ, ಸಂತ್ಯಾಗ ಆ ಹುಡುಗಿ ಹುಳುಕು ಹಲ್ಲೆಲ್ಲ ಕೀಳಿಸಿ, ನಾಡಿದ್ದು ಹಲವಾಗಲಿಗೆ ಬಿಟ್ಟು ಬರ್ತಾರಂತ. ಕಾಲು ತೋರಿಸಿದ್ಲು ನಂಗ. ಮೊಣಕಾಲಿನ ಕೆಳಗ ಪೂರಾ ಕೆಂಪು ಚುಕ್ಕಿ. ನಂಗೂ ಹಂಗ ಇತ್ತು, ರಕ್ತ ನಿಲ್ಲದಾಗ."

"ಡಾಕ್ಟ್ರು ಹೇಳಿದ್ದು ಗಿರಣಿ ಅತ್ತಿಗೆ ನಾ ಹೇಳ್ಲೇನು?"

"ನೀವು ದನದ ಡಾಕ್ಟ್ರು, ನಿಮ್ಮ ಮಾತು ಕೇಳಂಗಿಲ್ಲ. ನನ್ನ ಬಾಯಿ ನೋಡಿದ್ರ ಕೇಳ್ತಾರ. ಇವತ್ತು ಹೇಳಿಬಿಡ್ತೀನಿ."

"ಅತ್ತಿಗೆ ಒಬ್ಬಾಕಿಗೆ ಹೇಳ್ರಿ ಹಂಗಾದ್ರ."

"ಅವರ ಕಿವ್ಯಾಗ ಹೇಳಿದ್ರ ಸಂಜಿ ಮಟ ಊರಿಗೆ ಗೊತ್ತಾಕ್ಕೈತಿ, ಅದೂ ಕೈಕಾಲು ಹಚ್ಚಿಕೊಂಡು. ಹೋಗೋದಿದ್ರ ಸುದ್ದಿ ನನ್ನ ಬಾಯಿಂದಲೇ ಹೋಗ್ಲಿ."

"ಖಾನಾವಳಿ?"

ಅವರು ಸೆರಗು ಎಳೆದುಕೊಂಡರು. "ಖಾನಾವಳಿ ಮುಚ್ಚಿದ್ರ ಮತ್ತೊಂದು ಏನಾರ ಮಾಡ್ತೀನಿ, ಇನ್ಸ್‌ಪೆಕ್ಟ್ರೇ. ಆ ಕೂಸಿನ ರಕ್ತ ಹರಿದು ಹೋದ್ರ ಎಲ್ಲಿಂದ ತರ್ಲಿ?"

ಆ ಮಧ್ಯಾಹ್ನ ಪಡಸಾಲೆ ತುಂಬಿತ್ತು. ಗಂಜಿನ ಸಾಹುಕಾರರು, ಬಸ್ಸಿನವರು, ಮೇಷ್ಟ್ರುಗಳು. ಎಲ್ಲರಿಗೂ ಬಡಿಸಿ ಆದ ಮೇಲೆ ಅಕ್ಕಾರು ಗಿರಣಿ ಅತ್ತಿಯನ್ನು ಕರೆಸಿದರು. ಹೊಸ ಚಟ್ನಿ ಕೊಡುತ್ತಾರೇನೋ ಎಂದು ಅತ್ತಿ ಬಟ್ಟಲು ಹಿಡಿದುಕೊಂಡೇ ಬಂದರು. ಅಕ್ಕಾರು ಅವರನ್ನು ಬೆಳಕು ಬೀಳುವ ಹೊಸ್ತಿಲ ಹತ್ತಿರ ನಿಲ್ಲಿಸಿ, ತಾವೂ ಎದುರಿಗೆ ನಿಂತರು. ಸೆರಗು ಹಿಂದಕ್ಕೆ ಸರಿಸಿ, ತಲೆ ಮೇಲೆತ್ತಿ, ಇಡೀ ಪಂಕ್ತಿಯ ಎದುರಿಗೆ ಬಾಯಿ ತೆರೆದರು.

"ನೋಡ್ರಿ ಅತ್ತಿ. ಬಗ್ಗಿ ನೋಡ್ರಿ. ಮ್ಯಾಲೆ ನೋಡ್ರಿ, ಅಂಗುಳದಾಗ. ನಿಮ್ಮ ಸೊಸಿ ಬಾಯಾಗ ಇಂಥಾದ ಐತಿ ಇಲ್ಲ?"

ಅತ್ತಿ ಬಗ್ಗಿ ನೋಡಿದರು. ಬಟ್ಟಲು ಹಿಡಿದ ಕೈ ಕೆಳಗಿಳಿಯಿತು. "ಅಯ್ಯ ಶಿವನ!" ಎಂದಷ್ಟೇ ಅಂದರು.

"ಇದು ಉಷ್ಣ ಅಲ್ಲ. ಇದಕ್ಕ ಲೂಪಸ್ ಅಂತಾರ. ಬಹಳ ವರ್ಷ ಆತು ನಂಗ ಬಂದು. ಸಂತ್ಯಾಗ ಒಂದು ಹಲ್ಲು ಕೀಳಿಸಿ ಸಾಯೋದು ಸ್ವಲ್ಪದರಾಗ ತಪ್ಪಿತು, ಕೇಳ್ರಿ ಇನ್ಸ್‌ಪೆಕ್ಟ್ರನ್ನ. ನಿಮ್ಮ ಸೊಸಿಗೂ ಅದ ಇದ್ದಂಗ ಕಾಣ್ತೈತಿ. ಇಲ್ಲದಿದ್ರ ಡಾಕ್ಟ್ರು ಇಲ್ಲ ಅಂತಾರ, ಅಷ್ಟ ಹೋತು. ತೋರಿಸೋ ಮಟ ಅಕಿ ಹಲ್ಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಪಂಕ್ತಿಯಲ್ಲಿ ಕೈಗಳು ತಟ್ಟೆಯ ಮೇಲೆ ನಿಂತುಬಿಟ್ಟಿದ್ದವು. ಪ್ರಸಾದದ ಮಾತು ಹಬ್ಬಿಸಿದವರಲ್ಲಿ ಮೊದಲಿಗರಾದ ಸಾಹುಕಾರರು ಮೆಲ್ಲಗೆ ಕೇಳಿದರು, "ಹಂಗಾದ್ರ ಅಕ್ಕಾರ, ರುಚಿ ನೋಡದಿರೋದು ನೇಮ ಅಲ್ಲೇನು?"

"ನೇಮ ಅಂತ ನೀವು ಅಂದ್ರಿ. ನಾ ಅಲ್ಲ ಅನ್ನಲಿಲ್ಲ. ಅನ್ನಬೇಕಿತ್ತು."

"ಅಂಟ್ತೈತೇನು ಇದು?" ಇನ್ಯಾರೋ ಕೇಳಿದರು. ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಅಂಟುವುದಿಲ್ಲ, ದೊಡ್ಡ ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ ಎಂದು ನಾನು ಎದ್ದು ನಿಂತು ಹೇಳತೊಡಗಿದೆ. ಅಕ್ಕಾರು ಕೈ ಎತ್ತಿ ನನ್ನನ್ನು ಕೂರಿಸಿದರು.

"ದನದ ಡಾಕ್ಟ್ರ ಸಾಕ್ಷಿ ಮ್ಯಾಲೆ ಯಾರೂ ಉಣಬ್ಯಾಡ್ರಿ. ಅಂಟಂಗಿಲ್ಲ ಅಂತ ನಾ ಹೇಳೀನಿ. ನಂಬೋರು ಉಣ್ರಿ, ನಂಬದೋರು ಎದ್ದು ಕೈ ತೊಳಕಳ್ರಿ. ರೊಟ್ಟಿ ಆರ್ತಾವು."

ಕೆಲವರು ಎದ್ದರು. ಸಾಹುಕಾರರೂ ಎದ್ದರು. ಉಳಿದವರು ತಲೆ ತಗ್ಗಿಸಿ ಉಂಡರು, ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ. ಅಕ್ಕಾರು ಮಾತ್ರ ದಿನದಂತೆಯೇ ಪಂಕ್ತಿಯಲ್ಲಿ ಬುಟ್ಟಿ ಹಿಡಿದು ಓಡಾಡಿದರು. ಬೆನ್ನು ಒಂದಿಷ್ಟೂ ಬಾಗಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ನಡಿಗೆ. ಅಷ್ಟು ದೊಡ್ಡ ಧೈರ್ಯವನ್ನು ನಾನು ಮತ್ತೆಲ್ಲೂ ಅಷ್ಟು ಹತ್ತಿರದಿಂದ ಕಂಡಿಲ್ಲ.

ಮರುದಿನ ಬೆಳಿಗ್ಗೆ ಗಿರಣಿ ಮುಚ್ಚಿತ್ತು. ಅತ್ತಿ ಸೊಸೆಯನ್ನು ಕರೆದುಕೊಂಡು, ಸಂತೆಯ ಹಲ್ಲಿನವನನ್ನು ದಾಟಿ, ದಾವಣಗೆರೆಯ ಬಸ್ಸು ಹತ್ತಿದ್ದರು.

ಹುಡುಗಿಗೆ ಅದೇ ಕಾಯಿಲೆ, ಅಕ್ಕಾರ ಊಹೆ ಸರಿ ಇತ್ತು. ರಕ್ತದ ಕಣಗಳು ತೀರಾ ಇಳಿದಿದ್ದವು. ಆ ಸಂತೆಯ ದಿನ ಇಕ್ಕಳ ಮುಟ್ಟಿಸಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಅತ್ತಿಗೆ ಬಿಡಿಸಿ ಹೇಳಿದರಂತೆ. ಔಷಧಿ ಹತ್ತಿತು, ಹುಡುಗಿ ಚೇತರಿಸಿಕೊಂಡಳು. ಕೆಟ್ಟ ಹಲ್ಲುಗಳನ್ನು ಕೀಳದೆ ತುಂಬಿಸಿದರು. ಹೋದ ವಾರ ಫೋನು ಮಾಡಿ ಅಳುತ್ತ ಸುದ್ದಿ ಹೇಳಿದ್ದು ಅವಳೇ. ಈಗ ಗಿರಣಿಯ ಯಜಮಾನಿ, ಹಲ್ಲೆಲ್ಲ ಅವಳವೇ.

ಅಕ್ಕಾರಿಗೆ ಅಷ್ಟು ಸಲೀಸಾಗಲಿಲ್ಲ. ನೇಮದ ಮನೆತನಗಳ ಮದುವೆಗಳು ಮತ್ತೆಂದೂ ಬರಲಿಲ್ಲ. ನಿಧಾನವಾಗಿ ಬಸ್ಸಿನವರು, ಕಾಲೇಜಿನ ಮೇಷ್ಟ್ರುಗಳು, ಆಫೀಸುಗಳಿಗೆ ಹೊಸದಾಗಿ ಬಂದವರು ತುಂಬಿಕೊಂಡರು, ಒಲೆ ಆರಲಿಲ್ಲ. ಎಷ್ಟು ಜೋಪಾನ ಮಾಡಿದರೂ ಹಲ್ಲುಗಳು ಒಂದೊಂದೇ ಹೋದವು. ಒಣಗಿದ ಬಾಯಲ್ಲಿ ಕಟ್ಟಿಸಿದ ಹಲ್ಲು ನಿಲ್ಲಲೊಲ್ಲದೆಂದು ಅದನ್ನು ಬೈಯುತ್ತ ಬೈಯುತ್ತಲೇ ಹಾಕಿಕೊಳ್ಳುತ್ತಿದ್ದರು. ನನಗೆ ಹಗರಿಬೊಮ್ಮನಹಳ್ಳಿಗೆ ವರ್ಗವಾದ ಮೇಲೂ ಹೋದಾಗಲೆಲ್ಲ ಮೊಣಕೈವರೆಗೆ ತೊಳೆಸದೆ ಕೂರಿಸಲಿಲ್ಲ. ಕೊನೆಗೆ ಆ ಕಾಯಿಲೆ ಮೂತ್ರಪಿಂಡಕ್ಕೆ ಇಳಿಯಿತು.

ಆದರೆ ನಾನು ಬರೆಯಬೇಕೆಂದು ಕೂತದ್ದು ಅತ್ತಿ ದಾವಣಗೆರೆಯಿಂದ ವಾಪಸು ಬಂದ ಮರುದಿನದ ಸಂಗತಿ. ಹೊತ್ತು ಊಟದ್ದೇ, ಪಡಸಾಲೆಯಲ್ಲಿ ಚಾಪೆಗಳು ಹಾಸಿದ ಹಾಗೇ ಖಾಲಿ ಇದ್ದವು. ನಾನೊಬ್ಬ, ಆಚೆ ಇಬ್ಬರು ಬಸ್ಸಿನವರು. ಅಕ್ಕಾರು ಒಲೆಯ ಮುಂದೆ ಎಣ್ಣೆಗಾಯಿ ತಿರುವುತ್ತಿದ್ದರು. ಗಿರಣಿ ಅತ್ತಿ ಹಿತ್ತಲ ಬಾಗಿಲಿಂದ ನೇರ ಅಡುಗೆಮನೆಗೆ ಬಂದರು. ತಪ್ಪಾಯಿತು ಎಂದೂ ಅನ್ನಲಿಲ್ಲ, ಉಪಕಾರವಾಯಿತು ಎಂದೂ ಅನ್ನಲಿಲ್ಲ. ಒಲೆಯ ಪಕ್ಕದಲ್ಲಿ ಕುಳಿತು ಬಲಗೈ ಚಾಚಿದರು.

"ಹಾಕ್ರಿ ಇಲ್ಲೆ ಒಂದೀಟು."

"ಇನ್ನೂ ಎಡಿ ಹಿಡಿದಿಲ್ಲ ಅತ್ತಿ."

"ಆಮ್ಯಾಲೆ ಹಿಡೀರಿ. ಎಲ್ಲಿ ಓಡಿ ಹೋಗ್ತಾನ ದೇವ್ರು? ಹಾಕ್ರಿ ಅಂದ್ರ."

ಅಕ್ಕಾರು ಸೌಟಿನ ತುದಿಯಿಂದ ಒಂದಿಷ್ಟು ಅವರ ಅಂಗೈಗೆ ಹಾಕಿದರು. ಅತ್ತಿ ಊದಿ, ನೆಕ್ಕಿ, ಕಣ್ಣು ಮುಚ್ಚಿ ಚಪ್ಪರಿಸಿದರು. ಬಸ್ಸಿನವರೂ ಮಾತು ನಿಲ್ಲಿಸಿ ಅದನ್ನೇ ನೋಡುತ್ತಿದ್ದರು.

"ಉಪ್ಪು ಸಾಲದು," ಎಂದರು ಅತ್ತಿ.

ಅಕ್ಕಾರು ಉಪ್ಪಿನ ಮರಿಗೆಗೆ ಕೈ ಹಾಕಿದರು. ಮುಷ್ಟಿಯನ್ನು ಪಾತ್ರೆಯ ಮೇಲೆ ಹಿಡಿದು ಹಾಗೇ ನಿಂತರು. ಅಷ್ಟು ವರ್ಷಗಳಲ್ಲಿ ಅವರು ಯಾರನ್ನೂ ಕೇಳದಿದ್ದ ಮಾತನ್ನು ಆಗ ಕೇಳಿದರು.

"ಎಷ್ಟು ಹಾಕ್ಲಿ?"